‘ರೇಡಿಯೇಷನ್ ಮ್ಯಾನೇಜರ್’ ಆಗುವುದು ಎಲ್ಲಿ ಕಲಿತು?

ಶಿರಾಲಿಯಿಂದ ಒಬ್ಬ ತಂದೆ ಬರೆದ ಪತ್ರ ಈ ವಾರ ನನ್ನ ಮೇಜಿನ ಮೇಲಿದೆ. ರೂಲು ಹಾಕಿದ ಹಾಳೆಯ ಎರಡೂ ಬದಿ ತುಂಬಿ, ಸಾಲದೆ ಅಂಚಿನಲ್ಲೂ ನಾಲ್ಕು ಸಾಲು ಬರೆದಿದ್ದಾರೆ. ಹೆದ್ದಾರಿ ಪಕ್ಕದಲ್ಲಿ ಅವರದೊಂದು ಸಣ್ಣ ಕಿರಾಣಿ ಅಂಗಡಿ. ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ; ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದುತ್ತಿದ್ದಾಳೆ. ಮದುವೆ ಮನೆಯಲ್ಲಿ ಸಿಕ್ಕ ದೂರದ ನೆಂಟರೊಬ್ಬರು, ಕೈಗಾದಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ವಿಭಾಗವೇ ಬೇರೆ ಇದೆ, ಅಲ್ಲಿ ಭೌತಶಾಸ್ತ್ರ ಓದಿದವರಿಗೆ ಒಳ್ಳೆಯ ಹುದ್ದೆಗಳಿವೆ ಎಂದು ಹೇಳಿದರಂತೆ. ಅದಾಗಿ ವಾರದೊಳಗೆ ಯಾವುದೋ ಊರಿನ ಒಂದು ಸಂಸ್ಥೆಯಿಂದ ಫೋನು ಬಂದಿದೆ. ‘ನ್ಯೂಕ್ಲಿಯರ್ ರೇಡಿಯೇಷನ್ ಸೇಫ್ಟಿ ಮ್ಯಾನೇಜ್‌ಮೆಂಟ್’ ಎಂಬ ಒಂದು ವರ್ಷದ ಡಿಪ್ಲೊಮಾ, ಶುಲ್ಕ 1 ಲಕ್ಷ 60 ಸಾವಿರ, ಮುಗಿಸಿದ ಕೂಡಲೇ ಅಣು ವಿದ್ಯುತ್ ಸ್ಥಾವರದಲ್ಲಿ ಮ್ಯಾನೇಜರ್ ಕೆಲಸ ಖಾತ್ರಿ! ಮುಂಗಡ 25 ಸಾವಿರವನ್ನು ಈ ತಿಂಗಳ 30ರೊಳಗೆ ಕಟ್ಟಬೇಕಂತೆ. ತಂದೆ ಆಗಲೇ ಸೊಸೈಟಿಯಲ್ಲಿ ಸಾಲಕ್ಕೆ ಮಾತಾಡಿ ಇಟ್ಟಿದ್ದಾರೆ. ಮಗಳು ಹೊರಟು ನಿಂತಿದ್ದಾಳೆ. ಮನೆಯ ಅಜ್ಜಿ ಮಾತ್ರ, “ಮದುವೆಯಾಗುವ ಹುಡುಗಿಯನ್ನು ಆ ಅಣುವಿನ ಬದಿಗೆ ಕಳಿಸೂದು ಬೇಡ” ಎಂದು ಹಟ ಹಿಡಿದಿದ್ದಾರೆ.

ಅವರ ಪ್ರಶ್ನೆ ಮೂರು. ಈ ಡಿಪ್ಲೊಮಾಕ್ಕೆ ಸೇರಿಸಬಹುದೇ? ಸೇರಿಸದಿದ್ದರೆ ಆ ಹುದ್ದೆಗೆ ಬೇರೆ ಏನು ಓದಬೇಕು? ಅಜ್ಜಿಯ ಹೆದರಿಕೆಯಲ್ಲಿ ಹುರುಳಿದೆಯೇ?

ಮೊದಲನೆಯದಕ್ಕೆ ಉತ್ತರ ಒಂದೇ ಮಾತಿನಲ್ಲಿ: ಹಣ ಕಟ್ಟಬೇಡಿ. ನಮ್ಮ ದೇಶದ ಅಣು ವಿದ್ಯುತ್ ಸ್ಥಾವರಗಳನ್ನು ನಡೆಸುವುದು ಭಾರತೀಯ ಅಣು ವಿದ್ಯುತ್ ನಿಗಮ, ಅಂದರೆ ಎನ್‌ಪಿಸಿಐಎಲ್. ಅದು ಮೂಲ ಪದವಿಯನ್ನೂ ಅಂಕಗಳನ್ನೂ ನೋಡಿ, ಪರೀಕ್ಷೆ ನಡೆಸಿ ಜನರನ್ನು ತೆಗೆದುಕೊಳ್ಳುತ್ತದೆ. ಆಮೇಲೆ ತರಬೇತಿಯನ್ನು ತಾನೇ ಕೊಡುತ್ತದೆ. ತರಬೇತಿಯ ಕಾಲಕ್ಕೆ ವಿದ್ಯಾರ್ಥಿ ಹಣ ಕಟ್ಟುವುದಿಲ್ಲ, ನಿಗಮವೇ ಸ್ಟೈಪೆಂಡ್ ಕೊಡುತ್ತದೆ. ಹೊರಗಿನ ಒಂದು ವರ್ಷದ ಸರ್ಟಿಫಿಕೇಟು ಹಿಡಿದು ಒಳಗೆ ಹೋಗಿ ಮ್ಯಾನೇಜರ್ ಕುರ್ಚಿಯಲ್ಲಿ ಕೂರುವ ದಾರಿ ಇಲ್ಲ. ‘ಕೆಲಸ ಖಾತ್ರಿ’ ಎಂದು ಫೋನಿನಲ್ಲಿ ಹೇಳಿದವರು ಅದನ್ನು ಕಾಗದದ ಮೇಲೆ ಬರೆದು ಕೊಡುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಿ.

ಇಲ್ಲೊಂದು ಗೊಂದಲ ನಿವಾರಿಸಬೇಕು. ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಎಂಬುದೊಂದು ನಿಜವಾಗಿಯೂ ಇದೆ. ಸೇಫ್ಟಿ ಸೂಪರ್‌ವೈಸರ್ ಹುದ್ದೆಗಳಿಗೆ ಅದನ್ನು ಕೇಳುತ್ತಾರೆ. ಆದರೆ ಅದು ಹೆಲ್ಮೆಟ್, ಏಣಿ, ಕ್ರೇನು, ಬೆಂಕಿ ಇವುಗಳ ಸುರಕ್ಷತೆ. ವಿಕಿರಣದ ಕೆಲಸ ಬೇರೆ. ಎರಡರ ಹೆಸರನ್ನೂ ಬೆರೆಸಿ ಮಾರುವವರಿದ್ದಾರೆ, ಎಚ್ಚರಿಕೆ.

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರಿಸುವ ಮೊದಲು, ಆ ಕುರ್ಚಿಯಲ್ಲಿ ಕೂತವರು ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ತಿಳಿಯಬೇಕು. ಅದು ತಿಳಿದರೆ ಅರ್ಹತೆ ಯಾಕೆ ಹಾಗಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಕೈಗಾ ನಮ್ಮ ಜಿಲ್ಲೆಯದೇ. ಕಾರವಾರದಿಂದ ಕಾಳಿಯ ದಂಡೆ ಹಿಡಿದು ಮಲ್ಲಾಪುರ, ಕದ್ರಾಗಳ ಬದಿಗೆ ಹೋದರೆ ಕಾಡಿನ ನಡುವೆ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಎರಡನೆಯ ಘಟಕ 2000ದ ಮಾರ್ಚಿನಲ್ಲಿ, ಒಂದನೆಯದು ಅದೇ ವರ್ಷದ ನವೆಂಬರಿನಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದನೆಯ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಪತ್ರಿಕೆಗಳಲ್ಲಿ ಹೆಸರು ಮಾಡಿತ್ತು. ಈ ಸ್ಥಾವರಗಳಲ್ಲಿ ವಿಕಿರಣ ರಕ್ಷಣೆಯ ವಿಭಾಗಕ್ಕೆ ‘ಹೆಲ್ತ್ ಫಿಸಿಕ್ಸ್’ ಎಂದು ಹೆಸರು. ಆರೋಗ್ಯಕ್ಕೂ ಭೌತಶಾಸ್ತ್ರಕ್ಕೂ ಏನು ನಂಟು ಎಂದು ಕೇಳಬಹುದು. 1942ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಗುಟ್ಟಾಗಿ ಅಣು ಸಂಶೋಧನೆ ನಡೆಯುತ್ತಿದ್ದಾಗ ಕೆಲಸಗಾರರ ಆರೋಗ್ಯ ಕಾಯಲು ನೇಮಿಸಿದ ಭೌತಶಾಸ್ತ್ರಜ್ಞರ ಗುಂಪಿಗೆ ಬಿದ್ದ ಹೆಸರು ಅದು. ಇಂದಿಗೂ ಹಾಗೆಯೇ ಉಳಿದಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ರಿಯಾಕ್ಟರ್ ಕಟ್ಟಡದೊಳಗೆ ಒಂದು ವಾಲ್ವ್ ಬದಲಿಸಬೇಕಾಗಿದೆ ಎನ್ನಿ. ಲೆಕ್ಕಕ್ಕೆಂದು ಸುಲಭದ ಅಂಕಿ ಇಟ್ಟುಕೊಳ್ಳುತ್ತೇನೆ. ಆ ಜಾಗದಲ್ಲಿ ಗಂಟೆಗೆ 2 ಮಿಲಿಸೀವರ್ಟ್ ವಿಕಿರಣ ಇದೆ, ಕೆಲಸಕ್ಕೆ ಮೂರು ಗಂಟೆ ಬೇಕು. ಹಾಗೆಯೇ ಕಳಿಸಿದರೆ ಆ ಫಿಟ್ಟರ್ ಮೈಗೆ 6 ಮಿಲಿಸೀವರ್ಟ್. ಹೆಲ್ತ್ ಫಿಸಿಕ್ಸ್‌ನವರು ಮೊದಲು ಮೀಟರ್ ಹಿಡಿದು ಹೋಗಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಅಳೆಯುತ್ತಾರೆ. ಸೀಸದ ಹಾಳೆ ಹೊದಿಸಿ ಅದನ್ನು ಅರ್ಧಕ್ಕೆ ಇಳಿಸುತ್ತಾರೆ. ಹೊರಗೆ ಅಂಥದೇ ವಾಲ್ವ್ ಇಟ್ಟು ಫಿಟ್ಟರ್‌ನಿಂದ ಎರಡು ಸಲ ಅಭ್ಯಾಸ ಮಾಡಿಸಿದರೆ ಮೂರು ಗಂಟೆಯ ಕೆಲಸ ಎರಡು ಗಂಟೆಗೆ ಮುಗಿಯುತ್ತದೆ. ಈಗ ಲೆಕ್ಕ ಮಾಡಿ: 6 ಇದ್ದದ್ದು 2ಕ್ಕೆ ಇಳಿಯಿತು. ಕಾಲ, ದೂರ, ತಡೆ ಎಂಬ ಮೂರರ ಈ ಲೆಕ್ಕ ಪಿ.ಯು.ಸಿ. ಹುಡುಗನೂ ಮಾಡಬಲ್ಲದ್ದು.

ಕಷ್ಟ ಇರುವುದು ಬೇರೆ ಕಡೆ. 220 ಮೆಗಾವಾಟಿನ ಘಟಕ ಒಂದು ಗಂಟೆ ನಿಂತರೆ 2 ಲಕ್ಷ 20 ಸಾವಿರ ಯೂನಿಟ್ ವಿದ್ಯುತ್ ಹೋಯಿತು. ಮೇಲಿನವರು ಫೋನಿನ ಮೇಲೆ ಫೋನು ಮಾಡುತ್ತಿರುತ್ತಾರೆ. ರಿಪೇರಿಯ ಎಂಜಿನಿಯರ್ ಬಂದು, “ಇನ್ನೂ ಎಷ್ಟು ಹೊತ್ತು ಅಳೀತೀರಿ?” ಎನ್ನುತ್ತಾನೆ. ಫಿಟ್ಟರ್ ಕೂಡ, “ಬೇಗ ಮುಗಿಸಿ ಬಂದುಬಿಡ್ತೇನೆ ಸಾರ್, ಪ್ಲಾಸ್ಟಿಕ್ ಸೂಟು ಸೆಕೆ” ಎನ್ನುತ್ತಾನೆ. ಆ ಹೊತ್ತಿನಲ್ಲಿ ವಿಕಿರಣ ಕೆಲಸದ ಪರವಾನಗಿ ಚೀಟಿಗೆ ಸಹಿ ಹಾಕದೆ, “ಇಲ್ಲ, ಇನ್ನೊಮ್ಮೆ ಅಳೆದ ಮೇಲೆಯೇ” ಎನ್ನಬೇಕಾದವರು ವಿಕಿರಣ ರಕ್ಷಣೆಯ ಮುಖ್ಯಸ್ಥರು. ಹಾಗೆ ಹೇಳುವ ಧೈರ್ಯ ಒಂದು ವರ್ಷದ ಡಿಪ್ಲೊಮಾದಿಂದ ಬರುತ್ತದೆಯೇ? ಹತ್ತಾರು ರಿಪೇರಿಗಳನ್ನು ಕಣ್ಣಾರೆ ಕಂಡು, ಯಾವ ಪೈಪಿನ ಹಿಂದೆ ಏನಿದೆ ಎಂದು ಗೊತ್ತಿದ್ದವರ ‘ಇಲ್ಲ’ಕ್ಕೆ ಮಾತ್ರ ಬೆಲೆ.

ಆದ್ದರಿಂದಲೇ ಈ ಹುದ್ದೆಗೆ ಪದವಿಗಿಂತ ಅನುಭವವನ್ನು ಹೆಚ್ಚು ಕೇಳುತ್ತಾರೆ. ಅಮೆರಿಕದ ಅಣು ನಿಯಂತ್ರಣ ಆಯೋಗ 1975ರಲ್ಲೇ ಹೊರಡಿಸಿದ ಮಾರ್ಗದರ್ಶಿಯನ್ನು ನೋಡಿ. ವಿಜ್ಞಾನ ಅಥವಾ ಎಂಜಿನಿಯರಿಂಗ್‌ನಲ್ಲಿ ಒಂದು ಪದವಿ, ವಿಕಿರಣ ರಕ್ಷಣೆಯಲ್ಲಿ ಸ್ವಲ್ಪ ಕ್ರಮಬದ್ಧ ತರಬೇತಿ; ಓದಿನ ಬಾಬತ್ತು ಅಷ್ಟೇ. ಆದರೆ ಈ ಕ್ಷೇತ್ರದಲ್ಲಿ ಕನಿಷ್ಠ ಐದು ವರ್ಷ ದುಡಿದಿರಬೇಕು, ಅದರಲ್ಲೂ ಮೂರು ವರ್ಷ ಅಣು ವಿದ್ಯುತ್ ಸ್ಥಾವರದಲ್ಲಿ ಅಥವಾ ಅದಕ್ಕೆ ಹೋಲುವ ಕಡೆ ಇರಬೇಕು. ಎಂ.ಎಸ್ಸಿ. ಮಾಡಿದ್ದರೆ ಅದನ್ನು ಒಂದು ವರ್ಷದ ಅನುಭವಕ್ಕೆ, ಪಿಎಚ್.ಡಿ.ಯನ್ನು ಎರಡು ವರ್ಷಕ್ಕೆ ಸಮ ಎಂದು ಎಣಿಸಬಹುದು. ಮೇಷ್ಟರುಗಳು ಬೇಸರ ಮಾಡಿಕೊಳ್ಳಬಾರದು. ಡಾಕ್ಟರೇಟ್ ಪದವಿಗೆ ಅಲ್ಲಿ ಸಿಕ್ಕ ಬೆಲೆ ಎರಡೇ ವರ್ಷ! ಇನ್ನೊಂದು ಮಾರ್ಗದರ್ಶಿಯಲ್ಲಿ, ಈ ಮುಖ್ಯಸ್ಥ ಉತ್ಪಾದನೆ, ರಿಪೇರಿ ವಿಭಾಗಗಳ ಕೈಕೆಳಗೆ ಇರಬಾರದು ಎಂದೂ ಹೇಳಿದ್ದಾರೆ. ಯಾಕೆಂಬುದು ಮೇಲಿನ ವಾಲ್ವಿನ ಕತೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ 1983ರಿಂದ ಅಣುಶಕ್ತಿ ನಿಯಂತ್ರಣ ಮಂಡಳಿ ಇದೆ. 2004ರ ವಿಕಿರಣ ರಕ್ಷಣೆ ನಿಯಮಗಳ ಪ್ರಕಾರ ವಿಕಿರಣದ ಕೆಲಸ ನಡೆಸುವ ಸಂಸ್ಥೆ, ತಕ್ಕ ಅರ್ಹತೆಯುಳ್ಳ ವಿಕಿರಣ ಸುರಕ್ಷತಾ ಅಧಿಕಾರಿಯೊಬ್ಬರನ್ನು ನಿಯಂತ್ರಣಾಧಿಕಾರಿಯ ಲಿಖಿತ ಒಪ್ಪಿಗೆ ಪಡೆದು ನೇಮಿಸಬೇಕು. ಮಾಲೀಕರು ತಮಗೆ ಬೇಕಾದವರನ್ನು ಕೂರಿಸಿದರೆ ಆಗದು. ಮೊದಲೆಲ್ಲ ಸ್ಥಾವರಗಳ ಹೆಲ್ತ್ ಫಿಸಿಕ್ಸ್ ಘಟಕಗಳು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಅಂದರೆ ಬಿಎಆರ್‌ಸಿಗೆ ಸೇರಿದ್ದವು. ವಿದ್ಯುತ್ ಮಾಡುವವರು ಒಂದು ಸಂಸ್ಥೆ, ಅಳೆಯುವವರು ಇನ್ನೊಂದು. ನಂತರ ಅವು ನಿಗಮಕ್ಕೇ ಬಂದವು. ಹಳೆಯ ಏರ್ಪಾಡೇ ಹೆಚ್ಚು ಸಮಂಜಸವಾಗಿತ್ತು ಎಂಬುದು ನನ್ನ ಸ್ವಂತ ಅಭಿಪ್ರಾಯ. ಆದರೆ ಸ್ಥಾವರದ ಸುತ್ತಲಿನ ಊರುಗಳ ನೀರು, ಗಾಳಿ, ಹಾಲು, ತರಕಾರಿ, ಮೀನು ತಂದು ಪರೀಕ್ಷಿಸುವ ಪರಿಸರ ಪ್ರಯೋಗಾಲಯ ಈಗಲೂ ಬಿಎಆರ್‌ಸಿಯದೇ.

ಈಗ ದಾರಿಗಳನ್ನು ಹೇಳುತ್ತೇನೆ.

ಶಿರಾಲಿಯ ಹುಡುಗಿಗೆ ತೀರ ಹತ್ತಿರದ್ದು, ನಿಗಮದ ‘ಸ್ಟೈಪೆಂಡಿಯರಿ ಟ್ರೇನಿ – ಸೈಂಟಿಫಿಕ್ ಅಸಿಸ್ಟೆಂಟ್’ ಎಂಬ ಬಾಗಿಲು. ಎಂಜಿನಿಯರಿಂಗ್ ಡಿಪ್ಲೊಮಾದವರಿಗೂ ಬಿ.ಎಸ್ಸಿ.ಯವರಿಗೂ ಇದು ತೆರೆದಿದೆ. ಇತ್ತೀಚಿನ ಪ್ರಕಟಣೆಗಳಲ್ಲಿ ಬಿ.ಎಸ್ಸಿ.ಗೆ ಕನಿಷ್ಠ ಶೇ. 60 ಅಂಕ, ವಯಸ್ಸು 18ರಿಂದ 25 ಎಂದು ಕೇಳಿದ್ದಾರೆ. ಮೀಸಲಾತಿಯವರಿಗೆ ವಯಸ್ಸಿನ ಸಡಿಲಿಕೆ ಇದೆ. ಆಯ್ಕೆಯಾದವರಿಗೆ ಒಂದೂವರೆ ವರ್ಷ ತರಬೇತಿ. ಇಲ್ಲಿ ನಮ್ಮ ಮಕ್ಕಳು ಎಡವುವ ಒಂದು ಕಲ್ಲಿದೆ. ಭೌತಶಾಸ್ತ್ರ ಮುಖ್ಯ ವಿಷಯವಾಗಿರಬೇಕು, ಇಲ್ಲವೇ ಮೂರೂ ವಿಷಯಗಳಿಗೆ ಸಮಾನ ಸ್ಥಾನ ಇರಬೇಕು. ಗಣಿತವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡವರು ಅರ್ಹರಲ್ಲ ಎಂದು ಪ್ರಕಟಣೆಯಲ್ಲೇ ಬರೆದಿರುತ್ತಾರೆ. ನಮ್ಮ ಹಳೆಯ ಪದ್ಧತಿಯ ಪಿ.ಸಿ.ಎಂ.ನಲ್ಲಿ ಮೂರೂ ಸಮಾನವಾಗಿದ್ದುದರಿಂದ ತೊಂದರೆ ಇರಲಿಲ್ಲ. 2021ರ ನಂತರ ಕೆಲವು ವರ್ಷ ಪದವಿಯ ಪಠ್ಯಕ್ರಮ ಬದಲಾಗುತ್ತ ಹೋದದ್ದರಿಂದ, ನಿಮ್ಮ ಮಗ ಅಥವಾ ಮಗಳ ಅಂಕಪಟ್ಟಿಯಲ್ಲಿ ಯಾವುದು ಮುಖ್ಯ ಎಂದು ನಮೂದಾಗಿದೆ ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ಈಗಲೇ ಕೇಳಿ ತಿಳಿಯಿರಿ. ಅರ್ಜಿ ಹಾಕುವ ಕೊನೆಯ ದಿನ ಓಡಾಡಿದರೆ ಪ್ರಯೋಜನವಿಲ್ಲ. ಪಿ.ಯು.ಸಿ. ಇದ್ದಾಗಲೂ ಗಣಿತ ಓದಿರಬೇಕು.

ತರಬೇತಿ ಮುಗಿದ ಮೇಲೆ ಎಲ್ಲರಿಗೂ ಹೆಲ್ತ್ ಫಿಸಿಕ್ಸ್ ಸಿಗುವುದಿಲ್ಲ. ಯಾವ ವಿಭಾಗ, ಯಾವ ಸ್ಥಾವರ ಎಂಬುದನ್ನು ನಿಗಮ ನಿರ್ಧರಿಸುತ್ತದೆ. ಕೈಗಾ ಸಿಗಬಹುದು, ರಾಜಸ್ತಾನದ ರಾವತ್‌ಭಾಟಾ, ಗುಜರಾತಿನ ಕಾಕ್ರಾಪಾರ, ತಮಿಳುನಾಡಿನ ಕೂಡಂಕುಳಂ ಕೂಡ ಆಗಬಹುದು. ಮಗಳು ಮನೆಯಿಂದಲೇ ಓಡಾಡಿಕೊಂಡಿರಲಿ ಎಂದು ಎಣಿಸುವ ಪಾಲಕರು ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಕೆಳಗಿನಿಂದ ಸೇರಿದವರು ಬಡ್ತಿಯ ಸಂದರ್ಶನಗಳ ಮೂಲಕ ಅಧಿಕಾರಿಗಳಾಗುವ ಅವಕಾಶವೂ ಇದೆ, ನಿಧಾನ ಅಷ್ಟೇ.

ಎರಡನೆಯ ದಾರಿ ಉದ್ದ, ಆದರೆ ಎತ್ತರಕ್ಕೆ ಹೋಗುತ್ತದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಶೇ. 60 ಅಂಕ ಇಟ್ಟುಕೊಂಡು, ಬಿಎಆರ್‌ಸಿ ತರಬೇತಿ ಶಾಲೆಗೆ ಪ್ರಯತ್ನಿಸುವುದು. 1957ರಲ್ಲಿ ಆರಂಭವಾದ ಈ ಶಾಲೆಯಿಂದ ನಮ್ಮ ಅಣುಶಕ್ತಿ ಇಲಾಖೆಯ ದೊಡ್ಡ ದೊಡ್ಡ ವಿಜ್ಞಾನಿಗಳು ಹೊರಬಂದಿದ್ದಾರೆ. ಒಂದು ವರ್ಷದ ತರಬೇತಿ, ಸ್ಟೈಪೆಂಡ್ ಸಮೇತ. ಪಾಸಾದರೆ ನೇರ ಸೈಂಟಿಫಿಕ್ ಆಫೀಸರ್. ಪರೀಕ್ಷೆ ಮತ್ತು ಸಂದರ್ಶನ ಎರಡೂ ಬಿಗಿ. ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 26 ಆದ್ದರಿಂದ ಎಂ.ಎಸ್ಸಿ. ನಂತರ ಎರಡು ವರ್ಷ ಸುಮ್ಮನೆ ಕಳೆದರೆ ಅವಕಾಶ ತಪ್ಪುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಇಲ್ಲೂ ಪ್ರವೇಶವಿದೆ. ಗೇಟ್ ಅಂಕದ ಮೇಲೆ ನಿಗಮದ ಎಕ್ಸಿಕ್ಯೂಟಿವ್ ಟ್ರೇನಿ ಆಗುವ ದಾರಿಯೂ ಇದೆ.

ಪಿ.ಯು.ಸಿ. ಅಥವಾ ಐ.ಟಿ.ಐ. ಮುಗಿಸಿದವರಿಗೂ ಸ್ಥಾವರಗಳಲ್ಲಿ ತಂತ್ರಜ್ಞರ ಹುದ್ದೆಗಳುಂಟು. ಅವುಗಳಿಗೆ 160 ಸೆಂ.ಮೀ. ಎತ್ತರ, 45.5 ಕಿಲೋ ತೂಕ ಎಂಬ ದೇಹದ ಅಳತೆಯನ್ನೂ ಕೇಳುತ್ತಾರೆ.

ಆಸ್ಪತ್ರೆಯ ಕಡೆ ಹೋಗುವವರ ದಾರಿ ಬೇರೆ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರಗಳಿರುವಲ್ಲಿ ಮೆಡಿಕಲ್ ಫಿಸಿಸಿಸ್ಟ್ ಬೇಕು. ಅದಕ್ಕೆ ಬಿಎಆರ್‌ಸಿ 1962ರಿಂದ ನಡೆಸುತ್ತಿರುವ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಹೆಸರುವಾಸಿಯಾದದ್ದು, ಎಂ.ಎಸ್ಸಿ. ಭೌತಶಾಸ್ತ್ರದ ನಂತರ ಒಂದು ವರ್ಷ. ಮಣಿಪಾಲದಲ್ಲೂ ಈ ಬಗೆಯ ಸ್ನಾತಕೋತ್ತರ ಪದವಿ ಇದೆ. ಆಸ್ಪತ್ರೆಗಳಲ್ಲೂ ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕಾದ್ದರಿಂದ ಇಲ್ಲಿ ಬೇಡಿಕೆ ಇದೆ. ಆದರೆ ಇದು ಕೈಗಾದ ಬಾಗಿಲಲ್ಲ ಎಂಬುದು ನೆನಪಿರಲಿ.

ಕೆಲಸ ಮೊದಲೋ ಎಂ.ಎಸ್ಸಿ. ಮೊದಲೋ ಎಂದು ತಂದೆ ಅಂಚಿನಲ್ಲಿ ಕೇಳಿದ್ದಾರೆ. ಮನೆಯ ಸ್ಥಿತಿ ನೋಡಿ ಹೇಳುವುದಾದರೆ, ಎರಡಕ್ಕೂ ಒಟ್ಟಿಗೆ ಸಿದ್ಧಳಾಗಲಿ. ಬಿ.ಎಸ್ಸಿ. ಮುಗಿದ ಕೂಡಲೇ ಎಂ.ಎಸ್ಸಿ.ಗೆ ಸೇರಲಿ, ಓದುತ್ತಿರುವಾಗ ಸೈಂಟಿಫಿಕ್ ಅಸಿಸ್ಟೆಂಟ್ ಪ್ರಕಟಣೆ ಬಂದರೆ ಅರ್ಜಿ ಹಾಕಲಿ. ಆಯ್ಕೆಯಾದರೆ ಎಂ.ಎಸ್ಸಿ. ಬಿಟ್ಟು ಹೋಗುವುದು ನಷ್ಟವಲ್ಲ, ಯಾಕೆಂದರೆ ಆ ಮುಖ್ಯಸ್ಥರ ಕುರ್ಚಿಗೆ ಬೇಕಾದ ವರ್ಷಗಳ ಲೆಕ್ಕ ಸ್ಥಾವರದೊಳಗೆ ಕಾಲಿಟ್ಟ ದಿನದಿಂದ ಶುರುವಾಗುತ್ತದೆ. ನಮ್ಮ ಮಂಗಳೂರು ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ, ಸ್ಥಾವರ ಚಾಲೂ ಆಗುವ ಮುಂಚೆ, ಕೈಗಾ ಸುತ್ತಲಿನ ಮಣ್ಣು, ಗಿಡಗಳಲ್ಲಿ ಸ್ವಾಭಾವಿಕವಾಗಿ ಎಷ್ಟು ವಿಕಿರಣ ಇದೆ ಎಂದು ಅಳೆದಿಟ್ಟವರು. ಈಗ ಅಲ್ಲಿ ಪರಿಸರ ವಿಕಿರಣದ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಈ ವಿಷಯದಲ್ಲಿ ಆಸಕ್ತಿ ಇರುವವರು ಎಂ.ಎಸ್ಸಿ.ಗೆ ಊರು ಆರಿಸುವಾಗ ಅದನ್ನೂ ಗಮನಿಸಬಹುದು.

ಉಳಿದದ್ದು ಅಜ್ಜಿಯ ಪ್ರಶ್ನೆ. ಇದನ್ನು ನಗೆಯಾಡಿ ತಳ್ಳಿಹಾಕುವವನು ನಾನಲ್ಲ. ನಮ್ಮ ಜಿಲ್ಲೆಯ ಜನ ಕೈಗಾವನ್ನು ಬಹಳ ಅನುಮಾನದಿಂದಲೇ ನೋಡಿದವರು. ಶಿವರಾಮ ಕಾರಂತರು 1989ರಲ್ಲಿ, ಆ ಇಳಿವಯಸ್ಸಿನಲ್ಲಿ, ಪರಿಸರದ ಮಾತು ಹೇಳಲೆಂದೇ ಇಲ್ಲಿಂದ ಲೋಕಸಭೆಗೆ ನಿಂತಿದ್ದರು. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಾಗ ಆ ಅನುಮಾನ ಇನ್ನಷ್ಟು ಬಲವಾಯಿತು. ಆಗ ಇಂಧನ ತುಂಬಿರಲಿಲ್ಲ, ವಿಕಿರಣದ ಮಾತಿರಲಿಲ್ಲ ಎಂಬುದೂ ನಿಜ.

ಅಜ್ಜಿಗೆ ಹೇಳಬೇಕಾದ ಕತೆ 2009ರದು. ಆ ವರ್ಷ ನವೆಂಬರಿನಲ್ಲಿ ಕೈಗಾದ ಒಂದನೆಯ ಘಟಕದಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಒಳಗಿನವರದೇ ಕಿಡಿಗೇಡಿತನ ಎಂದು ಶಂಕಿಸಲಾಯಿತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಯೊಳಗೆ ಟ್ರಿಟಿಯಂ ಸೇರಿತ್ತು. ಟ್ರಿಟಿಯಂ ಹೊರಗಿದ್ದರೆ ಅದರ ಕಿರಣ ಚರ್ಮವನ್ನೂ ದಾಟದು. ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜಿಗೂ ಅದು ಕಾಣದು. ನೀರಿನ ರೂಪದಲ್ಲಿ ಒಳಗೆ ಹೋದಾಗಲೇ ತೊಂದರೆ. ಅದು ಪತ್ತೆಯಾದದ್ದು ಹೆಲ್ತ್ ಫಿಸಿಕ್ಸ್‌ನವರು ತಪ್ಪದೆ ತೆಗೆದುಕೊಳ್ಳುವ ಮೂತ್ರದ ಮಾದರಿಗಳಿಂದ! “ದಿನಾ ಇದೇನು ರಗಳೆ” ಎಂದು ಕೆಲಸಗಾರರು ಗೊಣಗುವ ಆ ಪರೀಕ್ಷೆಯೇ ಕೂಲರನ್ನು ಹುಡುಕಿಕೊಟ್ಟಿತು. ಟ್ರಿಟಿಯಂ ನೀರು ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಮೈಯಿಂದ ಹೊರಗೆ ಹೋಗುತ್ತದೆ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ.

ಅಜ್ಜಿಯ ಮೊಮ್ಮಗಳು ಮಾಡಲಿರುವುದು ಈ ಕೆಲಸವನ್ನೇ. ಆಕೆಗೂ ಮಿತಿಗಳಿವೆ. ವಿಕಿರಣದ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಮಣ್ಣು, ಗಾಳಿ, ಆಕಾಶದಿಂದ ಎಲ್ಲರ ಮೈಗೂ ಬೀಳುವ ಸ್ವಾಭಾವಿಕ ವಿಕಿರಣ, ಜಗತ್ತಿನ ಸರಾಸರಿಯಲ್ಲಿ, ವರ್ಷಕ್ಕೆ ಸುಮಾರು 2.4. ಗರ್ಭಿಣಿಯಾದುದನ್ನು ತಿಳಿಸಿದರೆ ಉಳಿದ ತಿಂಗಳುಗಳಲ್ಲಿ ಮಗುವಿಗೆ 1 ಮಿಲಿಸೀವರ್ಟ್ ಮೀರದ ಹಾಗೆ ಕೆಲಸ ಬದಲಿಸಿಕೊಡಬೇಕೆಂಬ ನಿಯಮವಿದೆ. ಪ್ರತಿಯೊಬ್ಬರ ಮೈಗೆ ಬಿದ್ದ ವಿಕಿರಣದ ಲೆಕ್ಕವನ್ನು ಬರೆದಿಡುತ್ತಾರೆ. ಅಪಾಯ ಸೊನ್ನೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಲೂ ಬೇಡಿ. 2003ರ ಜನವರಿಯಲ್ಲಿ ಕಲ್ಪಾಕ್ಕಂನ ಇಂಧನ ಮರುಸಂಸ್ಕರಣ ಘಟಕದಲ್ಲಿ ಆರು ಮಂದಿಗೆ ಮಿತಿಗಿಂತ ಹತ್ತಾರು ಪಟ್ಟು ವಿಕಿರಣ ಬಿತ್ತು. ಒಂದು ವಾಲ್ವ್ ಸೋರಿತ್ತು, ಆ ಜಾಗದಲ್ಲಿ ವಿಕಿರಣ ಅಳೆಯುವ ಉಪಕರಣವೇ ಇರಲಿಲ್ಲ.

ಪತ್ರದ ಜೊತೆ ತಂದೆ ಮಗಳ ಅಂಕಪಟ್ಟಿಯ ಝೆರಾಕ್ಸ್ ಇಟ್ಟಿದ್ದಾರೆ. ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳಿವೆ. ಒಟ್ಟು ಶೇಕಡಾವಾರು ಮಾತ್ರ 58ರ ಹತ್ತಿರ ನಿಂತಿದೆ. ರಸಾಯನಶಾಸ್ತ್ರದ ಒಂದು ಪತ್ರಿಕೆ ಕೆಳಗೆ ಎಳೆದಿದೆ. ಇನ್ನೊಂದು ಸೆಮಿಸ್ಟರ್ ಬಾಕಿ ಇರುವುದರಿಂದ 60 ದಾಟಲು ಅವಕಾಶವಿದೆ. ಸೊಸೈಟಿಯ ಸಾಲ ಈಗ ಬೇಡ ಎಂದು ಹೇಳಿಬಿಡಿ. ಆ 25 ಸಾವಿರದಲ್ಲಿ ಒಂದು ಸಣ್ಣ ಪಾಲನ್ನು ರಸಾಯನಶಾಸ್ತ್ರದ ಟ್ಯೂಷನ್ನಿಗೂ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ಚಂದಾಕ್ಕೂ ತೆಗೆದಿಡಿ. ನಿಗಮದ ಅರ್ಜಿಗಳು ಅದರ ಅಧಿಕೃತ ವೆಬ್‌ಸೈಟಿನಲ್ಲೇ ಬರುತ್ತವೆ, ನಡುವೆ ಯಾವ ಏಜೆಂಟರೂ ಇಲ್ಲ. 30ನೇ ತಾರೀಕಿನೊಳಗೆ ಮತ್ತೆ ಫೋನು ಬಂದರೆ ಅಜ್ಜಿಯ ಕೈಗೆ ಕೊಡಿ.